ಬಂಗಾರ ತೆಗೆದ ಮೇಲೆ ಉಳಿಯುವ ಊರು

(ಗದಗಿನಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ನಮ್ಮ ಕಪ್ಪತಗುಡ್ಡದ ಕಲ್ಲಿಗೂ ಕೋಲಾರದ ಚಿನ್ನದ ಗಣಿಯ ಕಲ್ಲಿಗೂ ಹತ್ತಿರದ ನೆಂಟಸ್ತನ ಇದೆ. ಎರಡೂ ಧಾರವಾಡ ಶಿಲೆಗಳು. 1880ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂಗರ್ಭಶಾಸ್ತ್ರಜ್ಞ ಈ ಕಲ್ಲುಗಳಿಗೆ ನಮ್ಮ ಜಿಲ್ಲೆಯ ಹೆಸರಿಟ್ಟ. ಆಗ ಗದಗ ಧಾರವಾಡ ಜಿಲ್ಲೆಯಲ್ಲೇ ಇತ್ತಲ್ಲ. ಇವತ್ತು ಜಗತ್ತಿನ ಯಾವ ಮೂಲೆಯಲ್ಲಿ ಭೂಗರ್ಭಶಾಸ್ತ್ರ ಓದುವ ಹುಡುಗನಿಗೂ ಆ ಹೆಸರು ಗೊತ್ತು. ಅದೇ ಫೂಟ್ 1874ರಲ್ಲಿ ನಮ್ಮ ಡಂಬಳದ ಗುಡ್ಡಗಳಲ್ಲಿ ಚಿನ್ನ ಎಲ್ಲೆಲ್ಲಿ ಸಿಗುತ್ತದೆ ಅಂತ ವರದಿ ಬರೆದಿದ್ದ. ಡೋಣಿ, ಸೊರಟೂರು ಕಡೆಯ ಹಳ್ಳಗಳಲ್ಲಿ ಮಳೆಯಾದ ಮೇಲೆ ಜಲಗಾರರು ಮರಳು ತೊಳೆದು ಬಂಗಾರದ ಕಣ ಹೆಕ್ಕುತ್ತಿದ್ದ ಕಾಲ ಅದು. 20ನೇ ಶತಮಾನ ಶುರುವಾದಾಗ ಕಬಲಾಯತಕಟ್ಟಿ ಹತ್ತಿರ ಇಂಗ್ಲಿಷರ ಕಂಪನಿ ಗಣಿಯನ್ನೇ ತೋಡಿತು. ಕೆಲವೇ ವರ್ಷ ನಡೆಸಿ ಬಿಟ್ಟುಹೋಯಿತು.

ನಾನು ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಕಲಿಸಿದವನು. ಹುಡುಗರನ್ನು ಕಪ್ಪತಗುಡ್ಡಕ್ಕೆ ಕರೆದುಕೊಂಡು ಹೋದಾಗಲೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತಿತ್ತು. "ಸರ್, ನಮ್ಮ ಗುಡ್ಡದಾಗೂ ಬಂಗಾರ ಐತಂತಲ್ರಿ, ತೆಗದ್ರ ಊರು ಉದ್ಧಾರ ಆಗೂದಿಲ್ಲೇನ್ರಿ?" ಪ್ರಶ್ನೆ ತಪ್ಪಲ್ಲ. ಮಳೆ ಕಮ್ಮಿ, ಕೆಲಸ ಕಮ್ಮಿ, ಊರು ಬಿಟ್ಟು ಗೋವಾ, ಮಂಗಳೂರಿಗೆ ದುಡಿಯಲು ಹೋಗುವ ಜನ. ಅಂಥ ಕಡೆಯ ಹುಡುಗ ಈ ಪ್ರಶ್ನೆ ಕೇಳದಿದ್ದರೇ ಆಶ್ಚರ್ಯ. ನಾನು ಹೇಳುತ್ತಿದ್ದದ್ದು ಇಷ್ಟೇ: ಒಂದಿನ ಕೋಲಾರದ ಚಿನ್ನದ ಗಣಿ ಊರಿಗೆ ಹೋಗಿ ಬನ್ನಿ, ಆಮೇಲೆ ಕೂತು ಮಾತಾಡೋಣ. ಇವತ್ತು ನಿಮಗೂ ಅದನ್ನೇ ಹೇಳಲು ಬಂದಿದ್ದೇನೆ. ಆ ಊರಿನಲ್ಲಿ ಒಂದು ದಿನ ಹೇಗೆ ಕಳೆಯಬೇಕು, ಏನು ನೋಡಬೇಕು, ಯಾರನ್ನು ಮಾತಾಡಿಸಬೇಕು ಅನ್ನೋದು ಇವತ್ತಿನ ಮಾತು.

ಹುಬ್ಬಳ್ಳಿಯಿಂದ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಅಲ್ಲಿಂದ ಮಾರಿಕುಪ್ಪಂಗೆ ನೇರ ಪ್ಯಾಸೆಂಜರ್ ರೈಲುಗಳಿವೆ. ಬಂಗಾರಪೇಟೆವರೆಗೆ ಚೆನ್ನೈ ದಾರಿಯಲ್ಲೇ ಹೋಗಿ, ಅಲ್ಲಿಂದ ಬೇರೆ ಹಳಿಗೆ ತಿರುಗುತ್ತವೆ. ಈ ಕವಲು ಹಳಿ ಹಾಕಿದ್ದು 1894ರಲ್ಲಿ, ಗಣಿಗೋಸ್ಕರವೇ. ಕೋರಮಂಡಲ್, ಊರಿಗಾಂ, ಚಾಂಪಿಯನ್, ಕೊನೆಗೆ ಮಾರಿಕುಪ್ಪಂ. ನಿಲ್ದಾಣಗಳ ಹೆಸರೇ ಗಣಿಗಳ ಹೆಸರು.

ಬಂಗಾರಪೇಟೆಯಲ್ಲಿ ರೈಲು ನಿಂತಾಗ ಎದುರು ಪ್ಲಾಟ್‌ಫಾರ್ಮ್ ನೋಡಿ. ನೀವು ಗಣಿ ಊರಿಗೆ ಹೋಗುತ್ತಿರುತ್ತೀರಿ, ಗಣಿ ಊರಿನವರು ಬೆಂಗಳೂರಿಗೆ ಹೊರಟಿರುತ್ತಾರೆ. ಕೈಯಲ್ಲಿ ಊಟದ ಬ್ಯಾಗು, ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ. ಸೆಕ್ಯುರಿಟಿ ಕೆಲಸದವರು, ಮಾಲ್‌ಗಳ ಹುಡುಗಿಯರು, ಆಸ್ಪತ್ರೆಯ ನರ್ಸುಗಳು, ಆಫೀಸಿನ ಕಂಪ್ಯೂಟರ್ ಮುಂದೆ ಕೂರುವವರು. ಬೆಳಗಿನ ಜಾವ ಕತ್ತಲಲ್ಲೇ ಮನೆ ಬಿಟ್ಟು ರಾತ್ರಿ ಕತ್ತಲಲ್ಲೇ ಮನೆ ಸೇರುವವರು. ಅವರ ಅಪ್ಪ, ಅಜ್ಜ ಇದ್ದ ಊರಲ್ಲೇ ಸೈರನ್ ಕೇಳಿ ಕೆಲಸಕ್ಕೆ ನಡೆದು ಹೋಗುತ್ತಿದ್ದರು. ಆ ಊರಿನ ಈಗಿನ ಸ್ಥಿತಿ ತಿಳಿಯಬೇಕಾದರೆ ಗಣಿಗಿಂತ ಮೊದಲು ನೋಡಬೇಕಾದದ್ದು ಈ ರೈಲು.

ದಾರಿಯಲ್ಲಿ ಸ್ವಲ್ಪ ಇತಿಹಾಸ ಹೇಳಿಬಿಡುತ್ತೇನೆ. ಟಿಪ್ಪು ಸತ್ತ ಮೇಲೆ, 1802ರಲ್ಲಿ ಜಾನ್ ವಾರನ್ ಎಂಬ ಅಧಿಕಾರಿ ಮೈಸೂರಿನ ಗಡಿ ಗುರುತಿಸಲು ಈ ಕಡೆ ಬಂದ. ಇಲ್ಲಿ ಬಂಗಾರ ಸಿಗುತ್ತದೆ ಅನ್ನೋ ಮಾತು ಅವನ ಕಿವಿಗೆ ಬಿತ್ತು. ತೋರಿಸಿದವರಿಗೆ ಇನಾಮು ಕೊಡುತ್ತೇನೆ ಅಂದ. ಹಳ್ಳಿಯವರು ಗಾಡಿಯಲ್ಲಿ ಮಣ್ಣು ತುಂಬಿಕೊಂಡು ಬಂದು ಅವನ ಕಣ್ಣೆದುರೇ ತೊಳೆದು ಕಣ ತೆಗೆದು ತೋರಿಸಿದರು. ಅಂದರೆ ಇಂಗ್ಲಿಷರು ಕಂಡುಹಿಡಿದದ್ದೇನೂ ಇಲ್ಲ, ಊರವರಿಗೆ ಮೊದಲೇ ಗೊತ್ತಿತ್ತು. ಆಮೇಲೆ 1870ರ ದಶಕದಲ್ಲಿ ಲ್ಯಾವೆಲ್ ಎಂಬ ನಿವೃತ್ತ ಐರಿಷ್ ಸೈನಿಕ ಮೈಸೂರು ಸರ್ಕಾರದಿಂದ ಅಗೆಯುವ ಪರವಾನಗಿ ಪಡೆದ. ಬೆಂಗಳೂರಿನ ಲ್ಯಾವೆಲ್ ರಸ್ತೆ ಇವನ ಹೆಸರಿನದೇ. ಅವನ ಕೈಯಲ್ಲಿ ಅಷ್ಟು ದುಡ್ಡಿರಲಿಲ್ಲ, ಹಕ್ಕನ್ನು ಬೇರೆಯವರಿಗೆ ದಾಟಿಸಿದ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ ಬಂತು.

ಇಲ್ಲಿ ಒಂದು ಸಂಗತಿ ಎಲ್ಲರೂ ನೆನಪಿಡಬೇಕು. ಮೊದಲ ಕೆಲವು ವರ್ಷ ಕಂಪನಿಗೆ ಏನೂ ಸಿಗಲಿಲ್ಲ. ತಂದ ದುಡ್ಡು ಮುಗಿಯುತ್ತಾ ಬಂತು. ಷೇರುದಾರರು ಮುಚ್ಚಿಬಿಡಿ ಅಂತ ಕೂತರು. 1883ರಲ್ಲಿ ಪ್ಲಮರ್ ಎಂಬ ಗಣಿ ಮೇಲ್ವಿಚಾರಕ ಹಳೇ ಕಾಲದವರು ಅಗೆದು ಬಿಟ್ಟಿದ್ದ ಗುಂಡಿಗಳ ಜಾಡು ಹಿಡಿದು ಅದರ ಕೆಳಗೆ ಇಳಿದ. ಅಲ್ಲಿ ಚಾಂಪಿಯನ್ ಅಂತ ಕರೆಯುವ, ಬಂಗಾರ ತುಂಬಿದ ಕಲ್ಲಿನ ಪದರ ಸಿಕ್ಕಿತು. ಮುಂದಿನ ನೂರು ಚಿಲ್ಲರೆ ವರ್ಷ ಇಡೀ ಊರನ್ನು ಸಾಕಿದ್ದು ಆ ಒಂದೇ ಪದರ ಅಂದರೂ ನಡೆಯುತ್ತದೆ. ಹೆಸರೇ ಗೊತ್ತಿಲ್ಲದ ನಮ್ಮ ಪೂರ್ವಜರು ಕಲ್ಲಿಗೆ ಬೆಂಕಿ ಹಚ್ಚಿ ಕಾಯಿಸಿ, ನೀರು ಸುರಿದು ಬಿರುಕು ಬಿಡಿಸಿ ಅಗೆದ ಗುಂಡಿಗಳವು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲೂ ಇಂಥ ಹಳೇ ಗುಂಡಿಗಳ ಜಾಡಿನಲ್ಲೇ ಈಗಿನ ಗಣಿ ನಡೆಯುತ್ತಿದೆ.

ಚಾಂಪಿಯನ್ ನಿಲ್ದಾಣದಲ್ಲಿ ಇಳಿಯಿರಿ. ಕೊನೆಯವರೆಗೂ ಹೋದರೆ ತಪ್ಪೇನಿಲ್ಲ, ಆದರೆ ಇಲ್ಲಿಂದ ನಡೆಯುವುದು ಒಳ್ಳೆಯದು. ಇಳಿದ ಕೂಡಲೇ ಕಣ್ಣಿಗೆ ಬೀಳುವುದು ಕಬ್ಬಿಣದ ಎತ್ತರದ ಗೋಪುರಗಳು. ತುದಿಯಲ್ಲಿ ದೊಡ್ಡ ಚಕ್ರ. ಆ ಚಕ್ರದ ಮೇಲೆ ಹಾದ ಹಗ್ಗದಲ್ಲೇ ಕೇಜ್, ಅಂದರೆ ಪಂಜರದಂಥ ಲಿಫ್ಟು, ನೇತಾಡುತ್ತಿತ್ತು, ಜನ ಇಳಿಯುತ್ತಿದ್ದರು, ಅದಿರು ಮೇಲೆ ಬರುತ್ತಿತ್ತು. ಎಷ್ಟೋ ಗೋಪುರಗಳು ತುಕ್ಕು ಹಿಡಿದಿವೆ. ಕೆಳಗೆ ನೆಟ್ಟಗೆ ಇಳಿಯುವ ಬಾವಿಗೆ ಶಾಫ್ಟ್ ಅನ್ನುತ್ತಾರೆ. ಗಿಫರ್ಡ್ ಶಾಫ್ಟ್, ಎಡ್ಗರ್ ಶಾಫ್ಟ್, ಹೆನ್ರಿ ಶಾಫ್ಟ್ ಅಂತ ದೊರೆಗಳ ಹೆಸರು. ಇಳಿದವರ ಹೆಸರು ಎಲ್ಲೂ ಇಲ್ಲ.

ಚಾಂಪಿಯನ್ ರೀಫ್ ಗಣಿಯ ಆಳ ಸುಮಾರು 3.2 ಕಿಲೋಮೀಟರ್. ಗದಗದಿಂದ ಬೆಟಗೇರಿಗೆ ನಡೆದುಹೋಗುವ ದೂರವನ್ನು ನೆಟ್ಟಗೆ ಕೆಳಗೆ ಇಳಿಯುವುದು ಅಂದುಕೊಳ್ಳಿ. ಒಂದೇ ಹಗ್ಗದಲ್ಲಿ ಅಷ್ಟು ಆಳ ಇಳಿಯಲು ಆಗುವುದಿಲ್ಲ. ಒಂದು ಶಾಫ್ಟ್ ಇಳಿದು, ಸುರಂಗದಲ್ಲಿ ನಡೆದು, ಇನ್ನೊಂದು ಶಾಫ್ಟ್ ಹಿಡಿದು ಮತ್ತೆ ಇಳಿಯಬೇಕು. ತಳದಲ್ಲಿ ಕಲ್ಲಿನ ಬಿಸಿ 65 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಮೇಲಿಂದ ತಂಪು ಗಾಳಿ ಊದುವ ಯಂತ್ರಗಳನ್ನು 1930ರ ದಶಕದಲ್ಲೇ ಹಾಕಿದ್ದರು, ಇಲ್ಲದಿದ್ದರೆ ಮನುಷ್ಯ ಅಲ್ಲಿ ನಿಲ್ಲಲು ಸಾಧ್ಯವೇ ಇರಲಿಲ್ಲ.

ಬಿಸಿಗಿಂತ ಭಯಂಕರ ಇನ್ನೊಂದಿತ್ತು. ಅಷ್ಟು ಆಳದಲ್ಲಿ ಮೇಲಿನ ಬೆಟ್ಟದಷ್ಟು ಕಲ್ಲಿನ ಭಾರ ಸುತ್ತಲಿನ ಗೋಡೆಯ ಮೇಲೆ ಕೂತಿರುತ್ತದೆ. ನಡುವಿನ ಕಲ್ಲು ತೆಗೆದು ಟೊಳ್ಳು ಮಾಡಿದರೆ ಆ ಒತ್ತಡ ಎಲ್ಲಿಗೆ ಹೋಗಬೇಕು? ಒಂದು ಕ್ಷಣದಲ್ಲಿ ಗೋಡೆಯೇ ಸಿಡಿಯುತ್ತದೆ. ನಾವು ಪುಸ್ತಕದಲ್ಲಿ ರಾಕ್ ಬರ್ಸ್ಟ್ ಅಂತ ಓದುತ್ತೇವೆ. ಗಣಿಯಲ್ಲಿ ಮೊದಲಿಂದ ಕರೆಯುತ್ತಿದ್ದದ್ದು ಏರ್ ಬ್ಲಾಸ್ಟ್ ಅಂತ. ಸದ್ದಿಗೆ ಮೇಲೆ ಮನೆಗಳ ಪಾತ್ರೆ ಅಲ್ಲಾಡುತ್ತಿದ್ದವು. ಹೆಂಗಸರು ಒಲೆ ಬಿಟ್ಟು ಶಾಫ್ಟ್ ಕಡೆ ಓಡುತ್ತಿದ್ದರು. ಯಾರ ಶಿಫ್ಟು, ಯಾವ ಲೆವೆಲ್ಲು (ಗಣಿಯೊಳಗಿನ ಯಾವ ಅಂತಸ್ತು) ಅಂತ ಒಬ್ಬರನ್ನೊಬ್ಬರು ಕೇಳುತ್ತಾ ಗೇಟಿನಲ್ಲಿ ಕಾಯುತ್ತಿದ್ದರು. ಇದನ್ನು ನನಗೆ ಹೇಳಿದ್ದು ಲೈನ್ ಮನೆಯೊಂದರ ಮುಂದೆ ಬಟಾಣಿ ಸುಲಿಯುತ್ತಿದ್ದ ಒಬ್ಬ ಅಜ್ಜಿ. "ಸದ್ದು ಕೇಳಿದ್ರೆ ಮೊದಲು ಸೌದೆ ಹೊರಗೆ ಎಳೀತಿದ್ವಿ ಸಾರ್. ಅಡುಗೆ ಯಾರಿಗೆ ಅಂತ ಗೊತ್ತಿಲ್ಲವಲ್ಲ." ನಾನು ಮೂವತ್ತು ಚಿಲ್ಲರೆ ವರ್ಷ ತರಗತಿಯಲ್ಲಿ ರಾಕ್ ಬರ್ಸ್ಟ್ ಪಾಠ ಮಾಡಿದ್ದೇನೆ. ಆ ಒಂದು ಮಾತಿನಲ್ಲಿ ಇದ್ದಷ್ಟು ವಿಷಯ ನನ್ನ ಯಾವ ಪಾಠದಲ್ಲೂ ಇರಲಿಲ್ಲ.

ವಿದ್ಯುತ್ತಿನ ಕಥೆ ನಿಮಗೆ ಗೊತ್ತಿರಬೇಕು. 1902ರಲ್ಲಿ ಶಿವನಸಮುದ್ರದಿಂದ 147 ಕಿಲೋಮೀಟರ್ ತಂತಿ ಎಳೆದು ಇಲ್ಲಿಗೆ ಕರೆಂಟ್ ತಂದರು. ಬೆಂಗಳೂರಿಗೆ ಕರೆಂಟ್ ಬಂದದ್ದು ಅದಾಗಿ ಮೂರು ವರ್ಷಕ್ಕೆ, 1905ರಲ್ಲಿ. ಕಾವೇರಿಯ ಕರೆಂಟ್ ಮೊದಲು ಹರಿದದ್ದು ಗಣಿಯ ಯಂತ್ರಕ್ಕೆ, ಮನೆಯ ದೀಪಕ್ಕಲ್ಲ. ಅಷ್ಟು ಬೆಲೆ ಇತ್ತು ಆ ಬಂಗಾರಕ್ಕೆ.

ಇನ್ನೊಂದು ವಿಷಯ ಹೇಳದೆ ಮುಂದೆ ಹೋಗಲು ಮನಸ್ಸು ಒಪ್ಪುತ್ತಿಲ್ಲ. ಇಲ್ಲಿ ಬಂದಿರುವ ವಿಜ್ಞಾನದ ವಿದ್ಯಾರ್ಥಿಗಳು ಕೇಳಿಸಿಕೊಳ್ಳಿ. ಈ ಗಣಿಯ ಆಳ ಬಂಗಾರಕ್ಕಷ್ಟೇ ಬಳಕೆಯಾಗಲಿಲ್ಲ. ಆಕಾಶದಿಂದ ಬರುವ ನ್ಯೂಟ್ರಿನೊ ಎಂಬ ಕಣ ಎಂಥ ಕಲ್ಲನ್ನಾದರೂ ತೂರಿ ಹೋಗುತ್ತದೆ. ಬೇರೆ ಕಣಗಳು ಹಾಗಲ್ಲ, ಕಲ್ಲು ತಡೆಯುತ್ತದೆ. ಹಾಗಾಗಿ ನ್ಯೂಟ್ರಿನೊ ಹಿಡಿಯಬೇಕಾದರೆ ಆಳಕ್ಕೆ ಇಳಿಯಬೇಕು. ಮುಂಬೈನ ಟಾಟಾ ಸಂಶೋಧನಾ ಸಂಸ್ಥೆಯವರು ಜಪಾನ್, ಇಂಗ್ಲೆಂಡಿನವರ ಜೊತೆ ಸೇರಿ ಈ ಗಣಿಯೊಳಗೆ ಉಪಕರಣ ಇಟ್ಟರು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು ಜಗತ್ತಿನಲ್ಲಿ ಮೊದಲು ಸಿಕ್ಕ ಜಾಗಗಳಲ್ಲಿ ಇದೂ ಒಂದು, 1965ರಲ್ಲಿ. ಆಮೇಲೆ 1980ರ ದಶಕದಲ್ಲಿ ಪರಮಾಣುವಿನ ಒಳಗಿನ ಪ್ರೋಟಾನ್ ಎಂಬ ಕಣ ಒಡೆಯುತ್ತದೋ ಇಲ್ಲವೋ ಅಂತ ನೋಡುವ ಪ್ರಯೋಗವೂ ಇಲ್ಲೇ ನಡೆಯಿತು, 2.3 ಕಿಲೋಮೀಟರ್ ಆಳದಲ್ಲಿ. ಆ ಉಪಕರಣಗಳನ್ನು ಹೊತ್ತು ಇಳಿಸಿದವರು, ಜೋಡಿಸಲು ಕೈ ಹಾಕಿದವರು ಇದೇ ಗಣಿ ಕಾರ್ಮಿಕರು. ಊರಿನಲ್ಲಿ ಇದರ ನೆನಪಿಗೆ ಒಂದು ಒಳ್ಳೆಯ ಮ್ಯೂಸಿಯಂ ಆಗಬೇಕು ಅಂತ ನನಗೆ ಬಹಳ ಆಸೆ.

ಈಗ ಮುಖ್ಯ ಜಾಗಕ್ಕೆ ಬರೋಣ. ಲೈನ್ ಮನೆಗಳು.

ಕಂಪನಿ ತನ್ನ ಕಾರ್ಮಿಕರಿಗೆ ಕಟ್ಟಿಸಿದ ಸಾಲು ಮನೆಗಳಿವು. ಗಣಿ ತುಂಬಿ ನಡೆದ ಕಾಲದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಕೆಲಸ ಮಾಡುತ್ತಿದ್ದರು. ಬಹುಪಾಲು ಜನ ಉತ್ತರ ಆರ್ಕಾಟ್, ಸೇಲಂ ಕಡೆಯಿಂದ ಬಂದ ತಮಿಳು ಮಾತಾಡುವ ದಲಿತರು. ಊರಿನ ಗೌಡನ ಹೊಲದಲ್ಲಿ ಜೀತಕ್ಕೆ ಇರುವುದಕ್ಕಿಂತ ನೆಲದೊಳಗೆ ಇಳಿಯುವುದೇ ಮೇಲು ಅಂತ ಬಂದವರು. ಈ ಮಾತನ್ನು ಗಣಿಯನ್ನು ಬೈಯುವವರು ಮರೆತುಬಿಡುತ್ತಾರೆ. ಗಣಿ ಅವರ ಶ್ವಾಸಕೋಶ ತಿಂದಿತು, ನಿಜ. ಆದರೆ ತಿಂಗಳ ಸಂಬಳ, ಮಕ್ಕಳಿಗೆ ಶಾಲೆ, ಆಸ್ಪತ್ರೆ, ಸಂಘ ಇವನ್ನೂ ಅವರು ಇಲ್ಲೇ ಪಡೆದರು. ತಮಿಳು ದಲಿತ ಚಿಂತಕ ಪಂಡಿತ ಅಯೋಥಿ ದಾಸರ ಬೌದ್ಧ ಚಳವಳಿ 20ನೇ ಶತಮಾನದ ಶುರುವಿನಲ್ಲೇ ಮಾರಿಕುಪ್ಪಂನಲ್ಲಿ ಬೇರು ಬಿಟ್ಟಿತ್ತು. 1930ರಲ್ಲಿ, ಕಾರ್ಮಿಕರೆಲ್ಲ ಬೆರಳಚ್ಚು ಕೊಡಬೇಕು ಅಂತ ಕಂಪನಿ ಹೊರಟಾಗ, ನಾವೇನು ಕಳ್ಳರಾ ಅಂತ ಇಡೀ ಗಣಿಯೇ ಕೆಲಸ ನಿಲ್ಲಿಸಿತು. 1946ರಲ್ಲಿ ಮತ್ತೆ ದೊಡ್ಡ ಮುಷ್ಕರ, ಪೊಲೀಸರ ಗೋಲಿಬಾರ್, ಕಾರ್ಮಿಕರ ಸಾವು. ಸತ್ತವರನ್ನು ಊರು ಇನ್ನೂ ನೆನೆಯುತ್ತದೆ.

ಮನೆ ಹೇಗಿದೆ ಅಂದರೆ, ಎಂಟು ಹತ್ತು ಹೆಜ್ಜೆ ಇಟ್ಟರೆ ಮುಂದಿನ ಬಾಗಿಲಿಂದ ಹಿಂದಿನ ಗೋಡೆ ಸಿಗುತ್ತದೆ. ಒಂದೇ ಕೋಣೆ, ಮುಂದೆ ಚಿಕ್ಕ ಜಗಲಿ, ತಲೆಯ ಮೇಲೆ ಶೀಟು. ಮೊದಲು ಎಷ್ಟೋ ಮನೆಗಳಿಗೆ ಬಿದಿರು ತಟ್ಟಿಯೇ ಗೋಡೆ. ನಾನು ಕೂತು ಮಾತಾಡಿದ ಮನೆಯ ಬಾಗಿಲ ಮೇಲೆ ಸುಣ್ಣದ ಮೇಲೆ ಸುಣ್ಣ ಬಳಿದು ಅರ್ಧ ಮುಚ್ಚಿಹೋದ ನಂಬರ್ ಇತ್ತು. ಒಳಗೆ ಗೋಡೆಯಲ್ಲಿ ಮೂರು ಫೋಟೋ: ಅಂಬೇಡ್ಕರ್, ವೇಲಾಂಕಣಿ ಮಾತೆ, ಹೆಲ್ಮೆಟ್ ಹಾಕಿ ದೀಪ ಸಿಕ್ಕಿಸಿಕೊಂಡ ಯಜಮಾನ. ಫೋಟೋದಲ್ಲಿ ಇಪ್ಪತ್ತೈದರ ಯುವಕ. ಎದುರಿಗೆ ಕೂತು ಟೀ ಕುಡಿಯುತ್ತಿದ್ದವರು ಎಪ್ಪತ್ತು ದಾಟಿದವರು, ಪ್ರತಿ ಎರಡು ಮಾತಿಗೆ ಒಮ್ಮೆ ಕೆಮ್ಮು. ಅಲ್ಲಿ ಇಂಥ ಕೆಮ್ಮು ಎಷ್ಟೋ ಮನೆಗಳಲ್ಲಿ ಕೇಳುತ್ತದೆ. ಕಲ್ಲು ಕೊರೆಯುವಾಗ ಏಳುವ ಬೆಣಚುಕಲ್ಲಿನ ಸಣ್ಣ ಧೂಳು ಒಮ್ಮೆ ಶ್ವಾಸಕೋಶ ಹೊಕ್ಕರೆ ಹೊರಗೆ ಬರುವುದಿಲ್ಲ. ಅದಕ್ಕೆ ಸಿಲಿಕೋಸಿಸ್ ಅನ್ನುತ್ತಾರೆ. ಔಷಧಿ ಇಲ್ಲ.

ಸ್ವಲ್ಪ ದೂರದಲ್ಲೇ ಗುಡ್ಡದ ಮೇಲೆ ದೊರೆಗಳ ಬಂಗಲೆಗಳಿವೆ. ಸುತ್ತ ದೊಡ್ಡ ಅಂಗಳ, ಹೆಂಚಿನ ಮಾಡು, ಬೆಂಕಿ ಕಾಯಿಸಲು ಗೋಡೆಯಲ್ಲೇ ಒಲೆ. ಕ್ಲಬ್ಬು, ಗಾಲ್ಫ್ ಮೈದಾನ, ಚರ್ಚು. ಇದನ್ನು ಪುಟ್ಟ ಇಂಗ್ಲೆಂಡು ಅಂತ ಹೊಗಳಿ ಬರೆದವರು ಬಹಳ ಜನ. ಚಂದವಾಗಿಯೇ ಇವೆ, ನೋಡಿ. ಆದರೆ ಬಂಗಲೆ ನೋಡಲು ಹತ್ತು ನಿಮಿಷ ಸಾಕು. ಲೈನ್ ಮನೆಗಳಿಗೆ ಎರಡು ಗಂಟೆ ಇಟ್ಟುಕೊಳ್ಳಿ.

ಮಧ್ಯಾಹ್ನ ರಾಬರ್ಟ್‌ಸನ್‌ಪೇಟೆಯಲ್ಲಿ ಊಟ ಮಾಡಿ. ಪೇಟೆ ಜೋರಾಗಿಯೇ ಇದೆ. ನೇರ ನೇರ ಬೀದಿಗಳು, ಬಟ್ಟೆ ಅಂಗಡಿ, ಬಿರಿಯಾನಿ ಹೋಟೆಲು, ಆಭರಣದ ಅಂಗಡಿ. ಒಂದೇ ಅಂಗಡಿಯಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಕಿವಿಗೆ ಬೀಳುತ್ತವೆ. ಊರು ಸತ್ತಿದೆ ಅಂತ ಬರೆಯುವವರು ಇಲ್ಲಿಗೆ ಬಂದಿರಲಿಕ್ಕಿಲ್ಲ ಅಂತ ನನ್ನ ಅನುಮಾನ. ಸತ್ತಿಲ್ಲ. ಬೆಂಗಳೂರಿನ ರೈಲಿನಲ್ಲಿ ಹೋಗಿ ಬರುವವರ ಸಂಬಳ, ಅಲ್ಲೇ ಇರುವ, ಮಣ್ಣು ಅಗೆಯುವ ದೊಡ್ಡ ಯಂತ್ರ ತಯಾರಿಸುವ ಬಿಇಎಂಎಲ್ ಕಾರ್ಖಾನೆ, ಹಳಬರ ಪಿಂಚಣಿ, ಇವುಗಳ ಮೇಲೆ ನಡೆಯುತ್ತಿದೆ. ಬಿಇಎಂಎಲ್ ಇಲ್ಲಿಗೆ ಬಂದದ್ದು 1960ರ ದಶಕದಲ್ಲಿ. ಗಣಿ ಇನ್ನೂ ನಡೆಯುತ್ತಿದ್ದಾಗಲೇ ಬಂದದ್ದರಿಂದ ಮುಂದೆ ಊರಿಗೆ ಆಸರೆ ಆಯಿತು.

ಊಟ ಆದ ಮೇಲೆ ಸೈನೈಡ್ ಗುಡ್ಡ. ನಿಲ್ದಾಣದಿಂದಲೇ ಕಾಣುತ್ತದೆ. ಚಪ್ಪಟೆ ತಲೆಯ, ಬೂದುಬಣ್ಣದ, ಮಳೆ ನೀರು ಕೊರೆದು ಸೀಳಿದ ಗುಡ್ಡಗಳು. ಹೊಸದಾಗಿ ನೋಡಿದವರು ಪ್ರಕೃತಿಯೇ ಮಾಡಿದ್ದು ಅಂದುಕೊಳ್ಳುತ್ತಾರೆ. ಒಂದು ಹಿಡಿ ಕೈಗೆ ತಗೊಂಡರೆ ಗೊತ್ತಾಗುತ್ತದೆ. ಮೈದಾ ಹಿಟ್ಟಿನಷ್ಟು ನುಣುಪು. ಬೆರಳ ಸಂದಿಯಲ್ಲಿ ಜಾರುತ್ತದೆ, ಕೈ ತೊಳೆದರೂ ಉಗುರಿನ ಅಂಚಿನಲ್ಲಿ ಉಳಿಯುತ್ತದೆ. ಇದೆಲ್ಲ ಒಂದು ಕಾಲದಲ್ಲಿ ನೆಲದಾಳದ ಕಲ್ಲು. ಸುಮಾರು 270 ಕೋಟಿ ವರ್ಷದ ಕಲ್ಲು. ಮೇಲೆ ತಂದು ಪುಡಿ ಮಾಡಿ, ಸೈನೈಡ್ ಬೆರೆಸಿದ ನೀರಿನಲ್ಲಿ ನೆನೆಸಿ, ಬಂಗಾರ ಕರಗಿಸಿ ತೆಗೆದುಕೊಂಡು, ಉಳಿದದ್ದನ್ನು ಇಲ್ಲಿ ಸುರಿದರು. ಸಿನಿಮಾದವರು ಇಲ್ಲಿ ಬಂದು ಹಾಡು, ಹೊಡೆದಾಟ ಚಿತ್ರೀಕರಿಸುತ್ತಾರೆ. ಹಾಗಾಗಿ ನಿಮ್ಮಲ್ಲಿ ಎಷ್ಟೋ ಜನ ಈ ಗುಡ್ಡವನ್ನು ಪರದೆಯ ಮೇಲೆ ನೋಡಿರುತ್ತೀರಿ.

ಇಲ್ಲಿ ನಿಂತು ಒಂದು ಲೆಕ್ಕ ಮಾಡಬೇಕು. ನಾನು ಹುಡುಗರ ಕೈಯಲ್ಲಿ ಇದನ್ನು ಮಾಡಿಸುತ್ತೇನೆ. ನೂರಿಪ್ಪತ್ತು ವರ್ಷದಲ್ಲಿ ಇಲ್ಲಿಂದ ತೆಗೆದ ಬಂಗಾರ ಸುಮಾರು 800 ಟನ್. ಸುರಿದ ಪುಡಿ ಸುಮಾರು 3.3 ಕೋಟಿ ಟನ್. ಅಂದರೆ ಒಂದು ಕಿಲೋ ಬಂಗಾರಕ್ಕೆ ನಲವತ್ತು ಟನ್ನಿಗೂ ಜಾಸ್ತಿ ಪುಡಿ ಈ ಊರಿನ ನೆತ್ತಿಯ ಮೇಲೆ ಕೂತಿದೆ. ಬಂಗಾರ ಹಡಗು ಹತ್ತಿ ಹೋಯಿತು. ಪುಡಿ ಹೋಗಲಿಲ್ಲ. ಬೇಸಿಗೆ ಗಾಳಿ ಬೀಸಿದರೆ ಮನೆಯೊಳಗಿನ ಅನ್ನದ ತಟ್ಟೆಗೂ ಬಂದು ಬೀಳುತ್ತದೆ. ನಾನು ಹೇಳಿದ ಯಜಮಾನರ ಮನೆಯಲ್ಲಿ ನೀರಿನ ಕೊಡಕ್ಕೆ ಒಂದು ಬಟ್ಟೆ, ಅದರ ಮೇಲೆ ತಟ್ಟೆ, ಅದರ ಮೇಲೆ ಮತ್ತೊಂದು ಬಟ್ಟೆ. ಯಾಕೆ ಅಂತ ಕೇಳಲಿಲ್ಲ, ಕಿಟಕಿಯಿಂದ ಗುಡ್ಡ ಕಾಣುತ್ತಿತ್ತು.

ಇನ್ನು ಮುಚ್ಚಿದ ಕಥೆ. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ತನ್ನ ಕೈಗೆ ತಗೊಂಡಿತು. 1962ರಲ್ಲಿ ಕೇಂದ್ರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಕಂಪನಿ ಆಯಿತು. ಅಷ್ಟು ಹೊತ್ತಿಗೆ ಒಳ್ಳೆಯ ಅದಿರು ಇಂಗ್ಲಿಷರ ಕಾಲದಲ್ಲೇ ಖಾಲಿಯಾಗಿತ್ತು. ಶುರುವಿನಲ್ಲಿ ಒಂದು ಟನ್ ಕಲ್ಲಿಗೆ ನಲವತ್ತು ಗ್ರಾಂ ಮೇಲೆ ಸಿಗುತ್ತಿದ್ದ ಬಂಗಾರ ಕೊನೆಗೆ ಮೂರು ನಾಲ್ಕು ಗ್ರಾಂಗೆ ಇಳಿದಿತ್ತು. ಮೂರು ಗ್ರಾಂ ಅಂದರೆ ಏನು? ನಮ್ಮ ಕಡೆ ಮದುವೆಯಲ್ಲಿ ಹಾಕುವ ಒಂದು ತೊಲಿ ಬಂಗಾರಕ್ಕೆ ಹತ್ತಿರ ಹತ್ತಿರ ನಾಲ್ಕು ಟನ್ ಕಲ್ಲನ್ನು ಮೂರು ಕಿಲೋಮೀಟರ್ ಆಳದಿಂದ ಎತ್ತಬೇಕು, ಪುಡಿ ಮಾಡಬೇಕು, ತೊಳೆಯಬೇಕು. ಎತ್ತುವ ಖರ್ಚು ಬಂಗಾರದ ಬೆಲೆಯನ್ನು ನುಂಗಿತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು.

ಮುಚ್ಚಿದ ದಿನದ ಬಗ್ಗೆ ಕೇಳಿದಾಗ ಯಜಮಾನರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ್ದು ಸಂಬಳದ ವಿಷಯ ಅಲ್ಲ, ಪಂಪಿನ ವಿಷಯ. "ಪಂಪು ನಿಲ್ಸಿಬಿಟ್ರು ಸಾರ್. ನಾವು ನಡೆದಾಡಿದ ಲೆವೆಲ್ಲು ಒಂದೊಂದೇ ಮುಳುಗ್ತಾ ಬರ್ತಿರುತ್ತೆ ಅಂತ ರಾತ್ರಿ ನಿದ್ದೆ ಬರ್ತಿರ್ಲಿಲ್ಲ." ಗಣಿಯ ಒಳಗೆ ಸದಾ ನೀರು ಒಸರುತ್ತದೆ. ಹಗಲು ರಾತ್ರಿ ಪಂಪು ಓಡಿಸಿದರಷ್ಟೇ ಒಣಗಿರುತ್ತದೆ. ನಿಲ್ಲಿಸಿದ ಮೇಲೆ ಸಾವಿರಾರು ಅಡಿ ಸುರಂಗ ತುಂಬುತ್ತಾ ಬಂತು. ಮತ್ತೆ ತೆರೆಯುತ್ತಾರೆ ಅಂತ ಊರಲ್ಲಿ ಆಗಾಗ ಸುದ್ದಿ ಏಳುತ್ತದೆ, ಚುನಾವಣೆ ಬಂದರೆ ಇನ್ನೂ ಜೋರಾಗಿ. ಯಜಮಾನರು ಆ ಸುದ್ದಿಗೆ ಕಿವಿ ಕೊಡುವುದನ್ನು ಬಿಟ್ಟಿದ್ದಾರೆ. ಅವರಿಗೆ ಬೇಕಾದದ್ದು ಇದ್ದ ಮನೆಯ ಹಕ್ಕುಪತ್ರ, ಮನೆ ಮುಂದೆ ಒಂದು ಸರಿಯಾದ ಚರಂಡಿ, ಕೆಮ್ಮಿಗೆ ಹತ್ತಿರದಲ್ಲಿ ಒಬ್ಬ ಡಾಕ್ಟರು. ಗಣಿಯ ಆಸ್ಪತ್ರೆ ಒಂದು ಕಾಲಕ್ಕೆ ಸುತ್ತಮುತ್ತಲಿಗೆಲ್ಲ ಹೆಸರುವಾಸಿ ಆಗಿತ್ತು. ಗಣಿ ಹೋದ ಮೇಲೆ ಅದೂ ಹೋಯಿತು.

2024ರಲ್ಲಿ ಆ ಸೈನೈಡ್ ಗುಡ್ಡಗಳಿಂದ ಉಳಿದ ಬಂಗಾರ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿದೆ. ಹದಿಮೂರು ಗುಡ್ಡ, ಸಾವಿರ ಎಕರೆಗೂ ಮಿಕ್ಕ ಜಾಗ. ಇದರಿಂದ ಕೆಲವರಿಗೆ ಕೆಲಸ ಸಿಗಬಹುದು, ನಾನು ಬೇಡ ಅನ್ನುವುದಿಲ್ಲ. ಆದರೆ ಗುಡ್ಡ ಕೆದಕಿದಾಗ ಏಳುವ ಧೂಳು ಯಾರ ಮನೆಗೆ ಹೋಗುತ್ತದೆ, ತೊಳೆಯಲು ನೀರು ಎಲ್ಲಿಂದ ಬರುತ್ತದೆ, ಎರಡನೇ ಸಲ ಉಳಿದ ಪುಡಿಯನ್ನು ಎಲ್ಲಿ ಹಾಕುತ್ತಾರೆ ಅನ್ನೋದು ಒಪ್ಪಂದದ ಕಾಗದದಲ್ಲಿ ಮೊದಲನೇ ಸಾಲಿನಲ್ಲೇ ಇರಬೇಕು.

ಹುಡುಗರ ಪ್ರಶ್ನೆಗೆ ಈಗ ಬರುತ್ತೇನೆ. ಕಪ್ಪತಗುಡ್ಡಕ್ಕೆ 2015ರಲ್ಲಿ ಸಂರಕ್ಷಿತ ಪ್ರದೇಶದ ರಕ್ಷಣೆ ಸಿಕ್ಕಿತು. 2016ರಲ್ಲಿ ಸರ್ಕಾರ ಅದನ್ನು ವಾಪಸ್ ತಗೊಂಡಿತು. ಆಗ ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತರು, ಈ ಊರಿನ ಜನ ಬೀದಿಗೆ ಇಳಿದರು. ನಿಮ್ಮಲ್ಲಿ ಎಷ್ಟೋ ಜನ ಅಲ್ಲಿ ಕೂತವರು. 2017ರಲ್ಲಿ ರಕ್ಷಣೆ ಮರಳಿ ಬಂತು, 2019ರಲ್ಲಿ 244 ಚದರ ಕಿಲೋಮೀಟರ್ ವನ್ಯಜೀವಿಧಾಮ ಆಯಿತು. ಆ ಹೋರಾಟ ನಡೆಯುವಾಗ ನಾವೆಲ್ಲ ಗುಡ್ಡದ ಔಷಧಿ ಗಿಡ, ಹಳ್ಳ, ತೋಳ, ಮಳೆ ಇವುಗಳ ಬಗ್ಗೆ ಮಾತಾಡಿದೆವು. ಸರಿಯಾಗಿಯೇ ಮಾತಾಡಿದೆವು. ಆದರೆ ಗಣಿ ಬೇಕು ಅನ್ನುವ ಹುಡುಗನಿಗೆ ಗಿಡದ ಮಾತು ಮಾತ್ರ ಸಾಲುವುದಿಲ್ಲ. ಅವನಿಗೆ ಬೇಕಾದದ್ದು ಕೆಲಸ. ಅವನ ಪ್ರಶ್ನೆಗೆ ಉತ್ತರ ಆ ಗಣಿ ಊರಿನಲ್ಲಿದೆ.

ಕೋಲಾರದಲ್ಲಿ ಸಿಕ್ಕಷ್ಟು ಒಳ್ಳೆಯ ಅದಿರು ಸಿಗುವುದು ಬಹಳ ಅಪರೂಪ. ಅಷ್ಟು ಒಳ್ಳೆಯದು ಸಿಕ್ಕ ಊರಿನ ಮೊಮ್ಮಕ್ಕಳೇ ಇವತ್ತು ಕತ್ತಲಲ್ಲಿ ರೈಲು ಹತ್ತುತ್ತಿದ್ದಾರೆ. ಅಲ್ಲಿ ನಡೆದದ್ದು ನೆಲದೊಳಗಿನ ಗಣಿ, ಸಾವಿರಾರು ಕೈಗೆ ಕೆಲಸ ಕೊಟ್ಟಿತು. ಈಗಿನ ಗಣಿಗಳಲ್ಲಿ ಬಹುಪಾಲು ಕೆಲಸ ಯಂತ್ರದ್ದು. ಮೇಲಿಂದಲೇ ಬಗೆಯುತ್ತಾ ಹೋದರೆ ಗುಡ್ಡವೂ ಉಳಿಯುವುದಿಲ್ಲ, ಕೆಲಸವೂ ಅಷ್ಟು ಜನಕ್ಕೆ ಸಿಗುವುದಿಲ್ಲ. ನಾನು ಯಾವ ಗಣಿಯೂ ಬೇಡ ಅನ್ನುವ ಮನುಷ್ಯ ಅಲ್ಲ. ನನ್ನ ವಿದ್ಯೆಯೇ ಕಲ್ಲಿನದು, ನಿಮ್ಮ ಕೈಯ ಫೋನಿನಲ್ಲೂ ಗಣಿಯ ಲೋಹ ಇದೆ. ನಾನು ಕೇಳುವುದು ಇಷ್ಟೇ: ಎಷ್ಟು ಸಿಗುತ್ತದೆ ಅಂತ ಕೇಳುವಾಗ ಎಷ್ಟು ವರ್ಷ ಸಿಗುತ್ತದೆ, ಆಮೇಲೆ ಆಸ್ಪತ್ರೆ ಯಾರು ನಡೆಸುತ್ತಾರೆ, ಪುಡಿ ಯಾರ ಊರ ಪಕ್ಕ ಬೀಳುತ್ತದೆ ಅಂತಲೂ ಕೇಳಬೇಕಲ್ವಾ? ಕೆಲಸಕ್ಕೆ ಬೇರೆ ದಾರಿಗಳ ಬಗ್ಗೆಯೂ ಇಷ್ಟೇ ಜೋರಾಗಿ ಕೇಳಬೇಕು. ಗುಡ್ಡ ಉಳಿಸಿಕೊಂಡ ನಾವು ಗುಡ್ಡದ ಕೆಳಗಿನ ಹಳ್ಳಿಗಳ ಹುಡುಗರಿಗೆ ಏನು ಮಾಡಿದ್ದೇವೆ ಅನ್ನೋ ಪ್ರಶ್ನೆ ನಮ್ಮ ಮೇಲೂ ಇದೆ.

ಹೋಗುವವರಿಗೆ ಕೆಲವು ಮಾತು. ಶಾಫ್ಟ್‌ಗಳ ಹತ್ತಿರ ಹೋಗಬೇಡಿ. ಹಳೇ ಗುಂಡಿಗಳು ಎಲ್ಲೆಲ್ಲಿವೆ ಅಂತ ಹೊರಗಿನವರಿಗೆ ತಿಳಿಯುವುದಿಲ್ಲ, ಮುಳ್ಳಿನ ಗಿಡ ಬೆಳೆದು ಬಾಯಿ ಮುಚ್ಚಿರುತ್ತದೆ. ಗಣಿಯ ಜಾಗಕ್ಕೆ ಕಾವಲು ಇದೆ, ಅನುಮತಿ ಇಲ್ಲದೆ ಒಳಗೆ ಹೋಗುವ ಹಾಗಿಲ್ಲ. ಗೋಪುರಗಳನ್ನು ರಸ್ತೆಯಿಂದಲೇ ನೋಡಬಹುದು. ಗಾಳಿ ಬೀಸುವ ದಿನ ಸೈನೈಡ್ ಗುಡ್ಡದ ಹತ್ತಿರ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಮಕ್ಕಳನ್ನು ಅಲ್ಲಿ ಆಡಲು ಬಿಡಬೇಡಿ. ಲೈನ್ ಮನೆಗಳಲ್ಲಿ ಕೇಳದೆ ಫೋಟೋ ತೆಗೆಯಬೇಡಿ. ಊರಿನವನೇ ಆದ ಒಬ್ಬ ಆಟೋದವನನ್ನು ಅರ್ಧ ದಿನಕ್ಕೆ ಮಾತಾಡಿಕೊಳ್ಳಿ. ಅವನ ಮನೆಯಲ್ಲೇ ಒಬ್ಬರು ಗಣಿಯಲ್ಲಿ ದುಡಿದವರು ಇರುತ್ತಾರೆ, ನಿಮಗೆ ಬೇರೆ ಗೈಡ್ ಬೇಕಾಗುವುದಿಲ್ಲ. ವಾಪಸ್ ಬರುವ ರೈಲಿನ ಸಮಯ ಆಗಾಗ ಬದಲಾಗುತ್ತದೆ, ಇಳಿದ ಕೂಡಲೇ ನಿಲ್ದಾಣದಲ್ಲಿ ಕೇಳಿಕೊಳ್ಳಿ. ಕಾಲೇಜಿನವರು ಹುಡುಗರನ್ನು ಕರೆದುಕೊಂಡು ಹೋಗುವುದಾದರೆ ನನಗೂ ಹೇಳಿ, ಜೊತೆಗೆ ಬರುತ್ತೇನೆ. ಆದರೆ ಭೂಗರ್ಭಶಾಸ್ತ್ರದ ಹುಡುಗರನ್ನಷ್ಟೇ ಕರೆದುಕೊಂಡು ಹೋಗಬೇಡಿ. ಡೋಣಿ, ಅತ್ತಿಕಟ್ಟಿ, ಕಬಲಾಯತಕಟ್ಟಿ ಕಡೆಯ ಹುಡುಗ ಹುಡುಗಿಯರು ಯಾವ ವಿಷಯ ಓದುತ್ತಿದ್ದರೂ ಸರಿ, ಮೊದಲ ಸೀಟು ಅವರಿಗೆ ಇಡಿ.